ಆರತಕ್ಷತೆಗೆ ವೀಣೆ ಕರೆಸುವ ಮುನ್ನ

ಹುಡುಗಿ: ದೊಡ್ಡಮ್ಮ, ಆರತಕ್ಷತೆಗೆ ಡಿಜೆ ಬೇಡ, ಆರ್ಕೆಸ್ಟ್ರಾನೂ ಬೇಡ, ವೀಣೆ-ಪಿಟೀಲು ಇಡಿಸೋಣ ಅಂತ ನಾವಿಬ್ರೂ ಮಾತಾಡ್ಕೊಂಡಿದೀವಿ. ಅಪ್ಪನೂ ಒಪ್ಪಿದಾರೆ. ಇವೆಂಟ್‌ನವರು ಈ ವಿಡಿಯೋ ಕಳಿಸಿದ್ರು, ನೋಡಿ. ಇಬ್ಬರು ಹುಡುಗೀರು ನಿಂತ್ಕೊಂಡು ಪಿಟೀಲು ನುಡಿಸ್ತಾರೆ, ಹಿಂದೆ ಟ್ರ್ಯಾಕ್ ಓಡ್ತಿರುತ್ತೆ.

ದೊಡ್ಡಮ್ಮ: ಆ ಮಕ್ಕಳ ಕೈ ಚೆನ್ನಾಗಿದೆ, ಕಮಾನು ನೆಟ್ಟಗೆ ಹೋಗ್ತಿದೆ. ಆದ್ರೆ ಇಲ್ಲಿ ಕೇಳಿಸ್ತಿರೋದ್ರಲ್ಲಿ ಅವರದ್ದೆಷ್ಟು, ಟ್ರ್ಯಾಕಿನದ್ದೆಷ್ಟು ಅಂತ ನಿಂಗೆ ಗೊತ್ತಾಗುತ್ತಾ? ತಬಲ, ಕೀಬೋರ್ಡು, ಕೋರಸ್ಸು ಎಲ್ಲಾ ಮೊದಲೇ ರೆಕಾರ್ಡ್ ಆಗಿರೋದು. ಅದು ಓಡೋ ವೇಗದಲ್ಲೇ ಇವರೂ ಓಡ್ಬೇಕು. ನಿಮ್ಮಜ್ಜಿ ಒಳಗೆ ಬರ್ತಾ ಗುರುತಿನ ಹಾಡು ಕೇಳಿ ತಲೆದೂಗಿ ನಿಂತ್ರು ಅಂತಿಟ್ಕೋ. ಆ ಸಾಲನ್ನ ಅವರಿಗೋಸ್ಕರ ಇನ್ನೊಂದ್ಸಲ ನುಡಿಸೋಕೆ ಈ ಮಕ್ಕಳ ಕೈಲಿ ಆಗಲ್ಲ, ಟ್ರ್ಯಾಕ್ ಮುಂದೆ ಹೋಗಿರುತ್ತೆ. ಎದುರಿಗೆ ಕೂತು ನುಡಿಸೋರನ್ನ ಕರೆಸೋದೇ ಆ ಇನ್ನೊಂದ್ಸಲಕ್ಕೆ ಕಣೇ.

ಹುಡುಗಿ: ಅದಕ್ಕೇ ನಿಮ್ಮ ಹತ್ರ ಬಂದೆ. ನೀವು ಎಷ್ಟೋ ಮದುವೆಗಳಲ್ಲಿ ನುಡಿಸಿದೀರಿ. ಏನೇನು ಬೇಕು ಹೇಳಿ, ಬರ್ಕೋತೀನಿ.

ದೊಡ್ಡಮ್ಮ: ಬರ್ಕೊಳ್ಳೋದು ಆಮೇಲೆ. ಮೊದಲು ಇದು ಹೇಳು, ಯಾರು ಕೇಳಲಿ ಅಂತ ಕರೆಸ್ತಿದೀಯ?

ಹುಡುಗಿ: ಎಲ್ಲರೂ. ಬಂದವರೆಲ್ಲ.

ದೊಡ್ಡಮ್ಮ: ಆರುನೂರು ಜನ ಸೇರೋ ಛತ್ರದಲ್ಲಿ ಎಲ್ಲರಿಗೂ ವೀಣೆ ಮುಟ್ಟೋದಿಲ್ಲ ಮಗು. ಅದು ಛತ್ರಕ್ಕೆ ಅಂತ ಹುಟ್ಟಿದ ವಾದ್ಯ ಅಲ್ಲ. ಛತ್ರಕ್ಕೆ, ಬೀದಿಗೆ, ದೇವಸ್ಥಾನದ ಪ್ರಾಕಾರಕ್ಕೆ ಅಂತ ಇರೋದು ವಾಲಗ. ಮಾಂಗಲ್ಯಧಾರಣೆ ಹೊತ್ತಿಗೆ ಪುರೋಹಿತರು ಕೈಯೆತ್ತಿ 'ಗಟ್ಟಿಮೇಳ' ಅಂತಾರಲ್ಲ, ಆಗ ಡೋಲು ಒಮ್ಮೆಲೇ ಎದ್ದು ಬೇರೆ ಸದ್ದನ್ನೆಲ್ಲ ಮುಚ್ಚಿಬಿಡುತ್ತೆ. ಆ ಗಳಿಗೇಲಿ ಯಾರಾದ್ರೂ ಸೀನಿದ್ರೂ, ಕೆಟ್ಟ ಮಾತಾಡಿದ್ರೂ ವಧೂವರರ ಕಿವಿಗೆ ಬೀಳಬಾರ್ದು ಅಂತ. ಆ ಕೆಲಸ ತಂತಿ ವಾದ್ಯದಿಂದ ಆಗೋದಲ್ಲ. ಈಚೆಗೆ ಕೆಲವರು ವಾಲಗ ಬಿಟ್ಟು ಮುಹೂರ್ತಕ್ಕೇ ಪಿಟೀಲು ಇಡಿಸ್ತಾರೆ. ನಂಗೆ ಅದು ಸರಿ ಕಾಣಲ್ಲ. ವಾಲಗದವರ ಅನ್ನಕ್ಕೂ ಕಲ್ಲು ಹಾಕಿದ ಹಾಗಾಯ್ತು, ಪಿಟೀಲಿನವರನ್ನೂ ಆಗದ ಕೆಲಸಕ್ಕೆ ಕೂರಿಸಿದ ಹಾಗಾಯ್ತು.

ಹುಡುಗಿ: ಇಲ್ಲ ಇಲ್ಲ, ವಾಲಗಕ್ಕೆ ಅಪ್ಪ ಆಗ್ಲೇ ವೀಳ್ಯ ಕೊಟ್ಟಾಗಿದೆ. ನಂಜನಗೂಡಿನ ಕಡೆಯವರು.

ದೊಡ್ಡಮ್ಮ: ಒಳ್ಳೇದಾಯ್ತು. ತಂತಿ ವಾದ್ಯಕ್ಕೆ ಸದ್ದು ಸಾಲದು ಅನ್ನೋ ಕೊರಗು ಇವತ್ತಿನದಲ್ಲ. ನಮ್ಮ ಚೌಡಯ್ಯನವರು, ತಿರುಮಕೂಡಲು ನರಸೀಪುರದವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು, ದೊಡ್ಡ ದೊಡ್ಡ ಗಾಯಕರ ಪಕ್ಕದಲ್ಲಿ ಕೂತು ನುಡಿಸಿದವರು. ಕೊನೇ ಸಾಲಿನವರಿಗೂ ಪಿಟೀಲು ಕೇಳಿಸಲಿ ಅಂತ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಪಿಟೀಲು ಮಾಡ್ಕೊಂಡ್ರು. ಅಷ್ಟು ತಂತಿ ಶ್ರುತಿ ಕೂಡಿಸಿ, ಬೆರಳಲ್ಲಿ ಒತ್ತಿ, ಕಮಾನಿಗೆ ಒಟ್ಟಿಗೆ ಸಿಗೋ ಹಾಗೆ ನುಡಿಸೋದು ಎಂಥ ಸಾಧನೆ ಅನ್ನೋದು ನಾಲ್ಕು ತಂತಿ ಹಿಡಿದವರಿಗೆ ಗೊತ್ತು. ಅಷ್ಟೆಲ್ಲ ಮಾಡಿದ್ದು ಯಾಕೆ? ಹಿಂದೆ ಕೂತವನೂ ಕೇಳೋಕೆ ಬಂದಿದಾನೆ, ಅವನಿಗೂ ತಲುಪಬೇಕು ಅಂತ.

ಹುಡುಗಿ: ಈಗ ಮೈಕಿದೆಯಲ್ಲ ದೊಡ್ಡಮ್ಮ.

ದೊಡ್ಡಮ್ಮ: ಮೈಕಿನಿಂದ್ಲೇ ಈಗಿನ ತೊಂದರೆ. ಒಂದ್ಸಲ ಬೆಂಗಳೂರಿನ ಒಂದು ಛತ್ರದಲ್ಲಿ ನಮ್ಮನ್ನ ಆಳೆತ್ತರದ ಸ್ಪೀಕರಿನ ಹಿಂದೆ ಕೂರಿಸಿದ್ರು. ನಾವು ನುಡಿಸಿದ್ದು ನಮಗೇ ಕೇಳ್ತಿರಲಿಲ್ಲ. ಮುಂದೆ ಕೂತಿದ್ದ ವಯಸ್ಸಾದೋರು ಕಿವಿ ಮುಚ್ಕೊಂಡು ಎದ್ದು ಹೋದ್ರು. ಮಾತಾಡೋರು ಸ್ಪೀಕರಿಗಿಂತ ಗಟ್ಟಿಯಾಗಿ ಮಾತಾಡೋಕೆ ಶುರು ಮಾಡಿದ್ರು, ಅದಕ್ಕೆ ಮೈಕಿನ ಹುಡುಗ ಇನ್ನೂ ಏರಿಸಿದ. ಮೇಲಿಂದ ಎಸಿ ಗಾಳಿ ನೇರ ವೀಣೆಗೇ ಬಡೀತಿತ್ತು, ಶ್ರುತಿ ನಿಲ್ಲದೆ ಪ್ರತಿ ಕೃತಿ ಆದ್ಮೇಲೂ ಬಿರಡೆ ತಿರುಗಿಸ್ತಾ ಕೂತೆ. ಮನೆಯವರು ಒಳ್ಳೆಯವರೇ, ಸಂಭಾವನೆಯಲ್ಲಿ ಒಂದು ಪೈಸೆ ಕಡಿಮೆ ಮಾಡಲಿಲ್ಲ. ಆದ್ರೆ ಆ ಸಂಜೆ ಒಬ್ಬರೂ ವೀಣೆ ಕೇಳಲಿಲ್ಲ.

ಬಾ, ಇಲ್ಲಿ ಪಕ್ಕದಲ್ಲಿ ಕೂರು. ಕಲ್ಯಾಣಿಯ ಗಾಂಧಾರ ಮೀಟ್ತೀನಿ, ಬರೀ ಕಿವಿಯಲ್ಲಿ ಕೇಳ್ಬೇಡ, ಕೈಯನ್ನೂ ನೋಡು. ಮೀಟಿದ್ದು ಒಂದೇ ಸಲ, ನೋಡಿದ್ಯಾ? ಆಮೇಲೆ ಸದ್ದು ಕರಗ್ತಾ ಹೋಗುತ್ತೆ. ಆ ಕರಗೋ ಹೊತ್ತಲ್ಲೇ ಎಡಗೈ ಬೆರಳು ತಂತಿಯನ್ನ ಮೆಟ್ಟಿಲ ಮೇಲೆ ಅಡ್ಡಕ್ಕೆ ಎಳೆದು ಮುಂದಿನ ಸ್ವರದ ಅಂಚು ಮುಟ್ಟಿ ವಾಪಸ್ ಬರುತ್ತೆ. ಗಾಂಧಾರ ಕಲ್ಯಾಣಿಯದ್ದಾಗೋದು ಆ ಎಳೆತದಲ್ಲಿ. ದೊಡ್ಡ ಸ್ಪೀಕರಲ್ಲಿ ಮೀಟಿದ ಪೆಟ್ಟು ಟಣ್ ಅಂತ ಎಲ್ಲರಿಗೂ ಕೇಳುತ್ತೆ, ಈ ಬಾಲ ಗದ್ದಲದಲ್ಲಿ ಮುಳುಗಿಹೋಗುತ್ತೆ. ಬಾಲ ಹೋದ್ಮೇಲೆ ಉಳಿಯೋದು ಕಬ್ಬಿಣ ಬಡಿದ ಸದ್ದು. ಅದರಲ್ಲೂ ನಮ್ಮ ಮೈಸೂರು ಬಾಣಿ ಮೆದು. ವೀಣೆ ಶೇಷಣ್ಣನವರಿಂದ ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರ್ರಿಗೆ ಬಂದ ದಾರಿ ಅದು. ಅರಮನೆಯಲ್ಲಿ, ಮನೆಗಳ ಹಜಾರದಲ್ಲಿ ಬೆಳೆದ ಕೈ. ನಾಲ್ಕು ಮಾರು ದೂರದಲ್ಲಿ ಕೂತು ಕೇಳಿದ್ರೆ ಅದರ ರುಚಿ ಸಿಗುತ್ತೆ.

ಹುಡುಗಿ: ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ಮದುವೆಗೆ ಜನ ಬರೋದು ಒಬ್ಬರನ್ನೊಬ್ಬರು ನೋಡೋಕೆ, ಮಾತಾಡೋಕೆ, ಊಟ ಮಾಡೋಕೆ. ಅವರನ್ನ ಸುಮ್ನೆ ಕೂತು ಕೇಳಿ ಅನ್ನೋದು ನ್ಯಾಯಾನಾ?

ದೊಡ್ಡಮ್ಮ: ನ್ಯಾಯ ಅಲ್ಲ. ನಾನು ಹಾಗೆ ಕೇಳೋದೂ ಇಲ್ಲ. ಹಿಂದೆ ಮದುವೆ ಕಚೇರಿ ಅಂತಲೇ ಇರ್ತಿತ್ತು. ನಾಲ್ಕೈದು ದಿನದ ಮದುವೆ, ಒಂದು ಸಂಜೆ ದೊಡ್ಡ ವಿದ್ವಾಂಸರ ಕಚೇರಿ, ಊರವರೆಲ್ಲ ಬರೋರು. ಸಭೆಗಳ ಸಂಭಾವನೆಗಿಂತ ಮದುವೆ ಕಚೇರಿಗಳಿಂದಲೇ ಎಷ್ಟೋ ಸಂಗೀತಗಾರರ ಮನೆ ನಡೀತಿತ್ತು. ಅಲ್ಲೂ ಮಕ್ಕಳು ಓಡಾಡೋರು, ಹಿಂದೆ ಬೀಗರು ಮಾತಾಡ್ತಾನೇ ಇರೋರು. ವಿದ್ವಾಂಸರು ಅದಕ್ಕೆ ಸಿಟ್ಟಾಗ್ತಿರಲಿಲ್ಲ, ಯಾಕಂದ್ರೆ ಮುಂದೆ ಜಮಖಾನದ ಮೇಲೆ ಒಂದಷ್ಟು ಜನ ಕೂತಿರೋರು. ಆ ಒಂದಷ್ಟು ಜನಕ್ಕೆ ಈಗಿನ ಛತ್ರದಲ್ಲಿ ಜಾಗವೇ ಇಲ್ಲ. ಕುರ್ಚಿ ಎಲ್ಲಾ ವಧೂವರರ ವೇದಿಕೆ ಕಡೆ ತಿರುಗಿರುತ್ತೆ, ಉಡುಗೊರೆ ಕೊಡೋ ಸಾಲು ಮಧ್ಯದಲ್ಲಿ ಹಾದು ಹೋಗುತ್ತೆ, ಕಲಾವಿದರನ್ನ ಐಸ್‌ಕ್ರೀಮ್ ಕೌಂಟರ್ ಪಕ್ಕದ ಮೂಲೇಲಿ ಕೂರಿಸ್ತಾರೆ. ಕೇಳ್ಬೇಕು ಅಂತ ಆಸೆ ಇದ್ದವರೂ ನಿಂತೇ ಕೇಳ್ಬೇಕು. ನಾನು ಕೇಳೋದು ಮೌನ ಅಲ್ಲ ಕಣೇ, ಇಪ್ಪತ್ತು ಕುರ್ಚಿ.

ಹುಡುಗಿ: ಇಪ್ಪತ್ತು ಕುರ್ಚಿ. ಅಷ್ಟು ಸಾಕಾ?

ದೊಡ್ಡಮ್ಮ: ಸಾಕು. ನಿಮ್ಮ ಛತ್ರ ನೋಡಿದೀನಿ. ಬಾಗಿಲಿಂದ ಒಳಗೆ ಬಂದ ತಕ್ಷಣ ಎಡಗಡೆ ಒಂದು ಪಡಸಾಲೆ ಇದೆಯಲ್ಲ, ಮೂರು ಕಂಬದ್ದು? ಅಲ್ಲಿ ಒಂದಡಿ, ಒಂದೂವರೆ ಅಡಿ ಎತ್ತರಕ್ಕೆ ಮಣೆ ಹಾಕಿಸಿ ಜಮಖಾನ ಹಾಸ್ಸು. ನಾವು ನೆಲದ ಮೇಲೆ ಕೂತು ನುಡಿಸೋರು. ಪಿಟೀಲಿನವರು ಬಲಗಾಲು ಚಾಚಿ ಪಿಟೀಲಿನ ತಲೇನ ಪಾದದ ಹತ್ರ ಊರ್ಕೋತಾರೆ, ಕುರ್ಚಿ ಕೊಟ್ರೆ ಅವರಿಗೆ ಆಗಲ್ಲ. ಎದುರಿಗೆ ಅರ್ಧಚಂದ್ರದ ಹಾಗೆ ಕುರ್ಚಿ ಹಾಕು. ಎರಡು ಚಿಕ್ಕ ಸ್ಪೀಕರ್, ಆ ಇಪ್ಪತ್ತು ಕುರ್ಚಿಗೆ ಮಾತ್ರ. ಇಡೀ ಹಾಲಿಗೆ ಬೇಡವೇ ಬೇಡ. ಅಲ್ಲಿಂದ ಹಾದು ಹೋಗೋರಿಗೆ ಸಂಗೀತ ಕಿವಿಗೆ ಬೀಳುತ್ತೆ, ಇಷ್ಟ ಇದ್ದವರು ನಿಲ್ತಾರೆ, ಕೂರ್ತಾರೆ. ಮಾತಾಡೋರು ಒಳಗೆ ಹೋಗಿ ಮಾತಾಡ್ಲಿ. ಎಸಿ ಕೆಳಗೆ ಕೂರಿಸ್ಬೇಡ, ವಿಡಿಯೋದವರ ಲೈಟು ಮೃದಂಗದ ಮೇಲೆ ಬೀಳದ ಹಾಗೆ ನೋಡ್ಕೋ. ಬಿಸಿಗೆ ಚರ್ಮ ಬಿಗಿದುಕೊಂಡು ಶ್ರುತಿ ಏರಿಬಿಡುತ್ತೆ.

ಹುಡುಗಿ: ಕಾರು ನಾವೇ ಕಳಿಸ್ತೀವಿ. ವೀಣೆ ಡಿಕ್ಕೀಲಿ ಹಿಡಿಸುತ್ತಾ?

ದೊಡ್ಡಮ್ಮ: ಡಿಕ್ಕೀಲಿ ಬೇಡ. ಹಿಂದಿನ ಸೀಟಲ್ಲಿ ಅಡ್ಡ ಮಲಗಿಸ್ಬೇಕು. ಈ 24 ಮೆಟ್ಟಿಲನ್ನ ಮೊಳೆ ಹೊಡೆದು ಕೂರಿಸಿಲ್ಲ, ಮೇಣದಲ್ಲಿ ಕೂರಿಸಿರೋದು. ಉಗುರಿಂದ ಒತ್ತಿ ನೋಡು, ಕರೀ ಮೇಣ. ನಿಮ್ಮ ಮದುವೆ ವೈಶಾಖದಲ್ಲಿ. ಮಧ್ಯಾಹ್ನದ ಬಿಸಿಲಲ್ಲಿ ಮುಚ್ಚಿದ ಕಾರು ನಿಲ್ಲಿಸಿದ್ರೆ ಮೇಣ ಮೆತ್ತಗಾಗುತ್ತೆ. ಒಂದು ಮೆಟ್ಟಿಲು ಕೂದಲೆಳೆಯಷ್ಟು ಕದಲಿದ್ರೂ ಆ ಸ್ವರ ಕೆಟ್ಟ ಹಾಗೆಯೇ. ಮತ್ತೆ ಮೆಟ್ಟಿಲು ಕೂರಿಸಿ ಮೇಳ ಕಟ್ಟೋಕೆ ಗೊತ್ತಿರೋರು ಎಲ್ಲಾ ಊರಲ್ಲೂ ಇಲ್ಲ. ಡ್ರೈವರಿಗೆ ಹೇಳಿಡು, ದಾರೀಲಿ ಊಟಕ್ಕೆ ನಿಲ್ಲಿಸಿದ್ರೆ ನೆರಳಲ್ಲಿ ನಿಲ್ಲಿಸ್ಲಿ.

ಹುಡುಗಿ: ಇನ್ನೊಂದು ಇದೆ. ಗಂಡಿನ ಮನೆಯವರು ಧಾರವಾಡದವರಲ್ವಾ, ಸಿತಾರ್ ಇಷ್ಟ. ಅವರ ಮಾವನ ಗೆಳೆಯರೊಬ್ಬರು ನುಡಿಸ್ತಾರಂತೆ. ವೀಣೆ-ಸಿತಾರ್ ಜುಗಲ್‌ಬಂದಿ ಇಡಿಸಿದ್ರೆ ಎರಡೂ ಕಡೆಯವರಿಗೆ ಸಂತೋಷ ಆಗುತ್ತೆ ಅಂತ...

ದೊಡ್ಡಮ್ಮ: ಧಾರವಾಡದವರು ಸಿತಾರ್ ಕೇಳ್ತೀವಿ ಅಂದ್ರೆ ಅದು ಬಾಯಿಮಾತಿನ ಆಸೆ ಅಲ್ಲ, ರಹಿಮತ್ ಖಾನರ ಮನೆತನ ನುಡಿಸಿದ ಊರು ಅದು. ಖಂಡಿತ ಕರೆಸಿ. ಆದ್ರೆ ಜುಗಲ್‌ಬಂದಿ ಅಂದ್ರೆ ಅಕ್ಕಪಕ್ಕ ಕೂರಿಸೋದಲ್ಲ. ನನ್ನ ವೀಣೆ ಎರಡೂವರೆ ಶ್ರುತಿ. ಸಿತಾರಿನವರದ್ದು ಸಾಮಾನ್ಯವಾಗಿ ನಮ್ಮ ಲೆಕ್ಕದಲ್ಲಿ ಒಂದೂವರೆ. ಇಬ್ಬರಲ್ಲಿ ಒಬ್ಬರು ಬಿಟ್ಟುಕೊಡ್ಬೇಕು, ತಂತಿ ಇಳಿಸಿದ್ರೆ ಸಡಿಲ, ಏರಿಸಿದ್ರೆ ಕಿತ್ತುಹೋಗೋ ಭಯ. ಅವರದ್ದು ತಬಲ, ನಮ್ಮದು ಮೃದಂಗ. ರಾಗ ಒಂದೇ ಅಂತಾರೆ, ನಮ್ಮ ಕಲ್ಯಾಣಿ ಅವರ ಯಮನ್, ಮೋಹನ ಭೂಪ್, ಹಿಂದೋಳ ಮಾಲ್‌ಕೌಂಸ್. ಸ್ವರ ಅವೇ ಆದ್ರೂ ನಡಿಗೆ ಬೇರೆ. ಹತ್ತಾರು ಸಲ ಕೂತು ಅಭ್ಯಾಸ ಮಾಡಿದವರು ಮಾಡಿದ್ರೆ ಅದರ ಸೊಗಸೇ ಬೇರೆ. ಆರತಕ್ಷತೆಗೆ ಮೊದಲ ಸಲ ಭೇಟಿಯಾಗಿ ಮಾಡೋದು ಇಬ್ಬರಿಗೂ ಅವಮಾನ.

ಹುಡುಗಿ: ಹಾಗಾದ್ರೆ?

ದೊಡ್ಡಮ್ಮ: ಒಬ್ಬರಾದ ಮೇಲೆ ಒಬ್ಬರು. ಮೊದಲು ವೀಣೆ-ಪಿಟೀಲು ಒಂದು ಗಂಟೆ, ಆಮೇಲೆ ಸಿತಾರ್ ಒಂದು ಗಂಟೆ. ಮಧ್ಯೆ ಶ್ರುತಿ ಮಾಡ್ಕೊಳ್ಳೋಕೆ ಹೊತ್ತು ಬಿಡು, ಆಗ ಮೈಕಿನವನು ಸಿನಿಮಾ ಹಾಡು ಹಾಕದ ಹಾಗೆ ನೋಡ್ಕೋ. ಇಬ್ಬರೂ ನುಡಿಸೋ ಒಂದೇ ರಾಗ ಬೇಕು ಅನ್ನಿಸಿದ್ರೆ ಹಂಸಧ್ವನಿ ಕೇಳ್ಕೋ. ರಾಮಸ್ವಾಮಿ ದೀಕ್ಷಿತರು ಕಟ್ಟಿದ ರಾಗ, ನಮ್ಮಿಂದ ಅತ್ತ ಹೋಗಿ ಅಲ್ಲೂ ಮನೆ ಮಾಡ್ಕೊಂಡಿದೆ. ನಾವು ಅದರಲ್ಲಿ ಶುರು ಮಾಡ್ತೀವಿ, ಅವರೂ ಅದರಲ್ಲೇ ಶುರು ಮಾಡ್ಲಿ. ಗೊತ್ತಿದ್ದವರು ಎರಡು ಮನೆಯ ಹಂಸಧ್ವನಿ ಕೇಳಿ ಖುಷಿಪಡ್ತಾರೆ.

ಹುಡುಗಿ: ಇದು ನಂಗೆ ತುಂಬಾ ಇಷ್ಟ ಆಯ್ತು. ಸಿನಿಮಾ ಹಾಡು ಅಂದ್ರಲ್ಲ, ಒಂದೆರಡು ಹಳೇ ಕನ್ನಡ ಹಾಡು ಪಿಟೀಲಲ್ಲಿ ನುಡಿಸಿ ಅಂತ ಕೇಳಬಹುದಾ? ಇವೆಂಟ್‌ನವರು ಸಿನಿಮಾ ಹಾಡಾದ್ರೆ ಲೈಸೆನ್ಸ್ ಬೇಕು ಅಂತ ಬಿಲ್ಲಿಗೆ ಬೇರೆ ಸೇರಿಸಿದ್ರು. ನಾನು ಹುಡುಕಿ ನೋಡಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲೇ ಇದೆ, ಮದುವೆ ಮೆರವಣಿಗೆ, ಮದುವೆಗೆ ಸೇರಿದ ಸಮಾರಂಭಗಳಲ್ಲಿ ಹಾಡಿದ್ರೆ, ನುಡಿಸಿದ್ರೆ ಹಕ್ಕಿನ ಉಲ್ಲಂಘನೆ ಅಲ್ಲ ಅಂತ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನೇ ಮತ್ತೆ ಪ್ರಕಟಣೆ ಹೊರಡಿಸಿ ಹೇಳಿದೆ. ಅದನ್ನ ತೋರಿಸಿದ್ಮೇಲೆ ಬಿಲ್ಲಿಂದ ತೆಗೆದ್ರು.

ದೊಡ್ಡಮ್ಮ: ಜಾಣೆ. ಇದು ನಮ್ಮ ಹುಡುಗರಿಗೂ ಗೊತ್ತಿರಬೇಕು, ಅದನ್ನ ನಂಗೊಂದು ಕಳಿಸು. ಹಾಡು ಕೇಳೋದ್ರಲ್ಲಿ ತಪ್ಪೇನಿಲ್ಲ. ರಾಜನ್-ನಾಗೇಂದ್ರ ಇದೇ ಮೈಸೂರಿನವರು, ರಾಜನ್ ಅವರು ಪಿಟೀಲು ಕಲಿತ ಕೈ. ಅವರ ಹಾಡುಗಳಲ್ಲಿ ಪಿಟೀಲಿಗೆ ಒಪ್ಪೋವು ಬೇಕಾದಷ್ಟಿವೆ. ಆದ್ರೆ ಒಂದು ತಿಂಗಳು ಮೊದಲೇ ಹೇಳು. ಎದುರು ಬಂದು ಚೀಟಿ ಕೊಟ್ಟು 'ಇದು ನುಡಿಸಿ, ಅದು ನುಡಿಸಿ' ಅಂದ್ರೆ ಬರದಿದ್ದಾಗ ಅವರಿಗೂ ಮುಜುಗರ, ಕೇಳಿದವರಿಗೂ ಮುಜುಗರ. ಎರಡು ಹಾಡು ಸಾಕು. ಉಳಿದದ್ದನ್ನ ಅವರಿಗೇ ಬಿಡು, ಸಭೆ ನೋಡಿ ರಾಗ ಆರಿಸೋದು ಅವರಿಗೆ ಗೊತ್ತು. ಶುಭ ಕಾರ್ಯಕ್ಕೆ ಮುಖಾರಿ, ಆಹಿರಿ ಎಳೆದು ಕೂರೋರು ಯಾರೂ ಇಲ್ಲ.

ಹುಡುಗಿ: ನೀವು ನುಡಿಸಲ್ವಾ? ಅವರು, ಅವರು ಅಂತಲೇ ಹೇಳ್ತಿದೀರಿ.

ದೊಡ್ಡಮ್ಮ: ಆರತಕ್ಷತೆ ದಿನ ನಾನು ಹೆಣ್ಣಿನ ಕಡೆಯವಳು, ಬಂದವರನ್ನ ವಿಚಾರಿಸ್ಕೋಬೇಕು. ನನ್ನ ಶಿಷ್ಯೆ ನುಡಿಸ್ತಾಳೆ, ನನಗಿಂತ ಅವಳ ಕೈ ಈಗ ಚುರುಕು. ನಾನು ನುಡಿಸೋದು ಮಾರನೇ ದಿನ, ಹಸೆಗೆ. ಮುಹೂರ್ತ ಆಗಿ, ಊಟ ಆಗಿ, ದೂರದ ನೆಂಟರು ಹೊರಟ ಮೇಲೆ ಉರುಟಣೆಗೆ ಕೂರಿಸ್ತಾರಲ್ಲ, ಆಗ. ಅಲ್ಲಿರೋದು ಮನೆಯವರು ಮಾತ್ರ, ನಲವತ್ತು ಜನ ಇದ್ರೆ ಹೆಚ್ಚು. ವಾಲಗದವರು ಊಟಕ್ಕೆ ಹೋಗಿರ್ತಾರೆ. ನಿಮ್ಮಮ್ಮ, ಚಿಕ್ಕಮ್ಮ ಎಲ್ಲಾ ಹಸೆಗೆ ಕರೆಯೋ ಹಾಡು ಹೇಳ್ತಾರೆ, ನಾನು ಜೊತೆಗೆ ವೀಣೆ ಹಿಡೀತೀನಿ. ಮೈಕು ಬೇಡ, ಸ್ಪೀಕರು ಬೇಡ.

ಅಲ್ಲಿ ತ್ಯಾಗರಾಜರ ಸೀತಾಕಲ್ಯಾಣ ಹೇಳೇ ಹೇಳ್ತಾರೆ. ಅದು ಕುರಂಜಿ ರಾಗ, ಮಧ್ಯಮ ಶ್ರುತೀಲಿ ಹೇಳೋದು. ಆ ರಾಗ ಮೇಲೆ ಧೈವತಕ್ಕೇ ನಿಲ್ಲುತ್ತೆ, ತಾರ ಷಡ್ಜ ಮುಟ್ಟೋದೇ ಇಲ್ಲ. ಕಲಿತವರು, ಕಲೀದವರು, ಎಪ್ಪತ್ತು ದಾಟಿದ ನಿಮ್ಮಜ್ಜಿ, ಎಲ್ಲರ ಕಂಠಕ್ಕೂ ಎಟುಕುತ್ತೆ. ಮದುವೆ ಮನೆ ಹಾಡು ಹಾಗೇ ಇರಬೇಕು. ನೀನು ತಂತಿ ವಾದ್ಯ ಬೇಕು ಅಂದಾಗ ನಂಗೆ ಮೊದಲು ಮನಸ್ಸಿಗೆ ಬಂದದ್ದು ಈ ಹೊತ್ತು, ಆರತಕ್ಷತೆ ಅಲ್ಲ. ದುಡ್ಡು ಸಾಲದೆ ಒಂದನ್ನ ಬಿಡ್ಬೇಕಾಗಿ ಬಂದ್ರೆ ಆರತಕ್ಷತೇದನ್ನೇ ಬಿಡು. ಇದನ್ನ ಬಿಡ್ಬೇಡ.

ಹುಡುಗಿ: ಎರಡೂ ಇರಲಿ ದೊಡ್ಡಮ್ಮ. ದುಡ್ಡಿನ ವಿಷಯ ಹೇಗೆ ಮಾತಾಡೋದು? ಇವೆಂಟ್‌ನವರಾದ್ರೆ ಒಂದು ಪ್ಯಾಕೇಜ್ ಅಂತ ಹೇಳಿಬಿಡ್ತಾರೆ.

ದೊಡ್ಡಮ್ಮ: ಪ್ಯಾಕೇಜಿನಲ್ಲಿ ಕಲಾವಿದರ ಕೈಗೆ ಎಷ್ಟು ಹೋಗುತ್ತೆ ಅಂತ ನಿಂಗೆ ಗೊತ್ತಾಗಲ್ಲ. ನೇರವಾಗಿ ಮಾತಾಡು. ವೀಣೆಯವರು, ಪಿಟೀಲಿನವರು, ಮೃದಂಗ, ಘಟ, ಎಲ್ಲರ ಸಂಭಾವನೆಯೂ ಸೇರಿದೆಯೋ, ಓಡಾಟದ ಖರ್ಚು ಬೇರೆಯೋ, ಮೈಕು ಯಾರದ್ದು ಅಂತ ಮೊದಲೇ ಬಿಡಿಸಿ ಕೇಳ್ಕೋ. ಎಷ್ಟೋ ಕಡೆ ಮುಖ್ಯ ಕಲಾವಿದರಿಗೆ ಕೊಟ್ಟು, ಪಕ್ಕವಾದ್ಯದವರಿಗೆ 'ನೀವು ನೋಡ್ಕೊಳ್ಳಿ' ಅಂತ ಬಿಟ್ಟುಬಿಡ್ತಾರೆ. ಘಟದ ಹುಡುಗ ರಾತ್ರಿ ಹನ್ನೊಂದಕ್ಕೆ ಬಸ್ ಸ್ಟ್ಯಾಂಡಲ್ಲಿ ನಿಂತಿರ್ತಾನೆ. ನಾಲ್ಕು ಕವರು ಬೇರೆ ಬೇರೆ ಮಾಡಿ ನಿಮ್ಮಪ್ಪನ ಕೈಲೇ ತಾಂಬೂಲದ ಜೊತೆ ಕೊಡ್ಸು, ಕಚೇರಿ ಮುಗಿದ ತಕ್ಷಣ. ಛತ್ರದ ಲೆಕ್ಕ ಮುಗೀಲಿ, ಅಡುಗೆಯವರ ಲೆಕ್ಕ ಮುಗೀಲಿ ಅಂತ ಕಾಯಿಸ್ಬೇಡ. ಚೌಕಾಸಿನೂ ಮಾಡ್ಬೇಡ. ಕೇಳಿದ್ದು ನಿಮ್ಮ ಕೈಗೆ ಮೀರಿದ್ರೆ ಹಾಗಂತ ಹೇಳಿ, ಒಬ್ಬರನ್ನ ಕಡಿಮೆ ಮಾಡ್ಕೋ. ವೀಣೆಗೆ ಮೃದಂಗ ಒಂದೇ ಇದ್ರೂ ನಡಿಯುತ್ತೆ.

ಆಷಾಢ ಬಂದ್ರೆ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಮದುವೆ ಕಚೇರಿ ನಂಬಿದ ಹುಡುಗರಿಗೆ ಆ ತಿಂಗಳು ಪಾಠದ ಫೀಸೇ ಗತಿ. ಹಿಡಿದಿಟ್ಟ ದಿನ ರದ್ದಾದ್ರೆ ಇನ್ನೊಂದು ಸಿಗಲ್ಲ, ಅದಕ್ಕೇ ಅವರು ಮುಂಗಡ ಕೇಳೋದು.

ಹುಡುಗಿ: ಊಟ?

ದೊಡ್ಡಮ್ಮ: ನುಡಿಸೋಕೆ ಮುಂಚೆ ಕಾಫಿ, ಒಂದಿಷ್ಟು ತಿಂಡಿ. ಮುಗಿದ ಮೇಲೆ ಊಟ, ಕೊನೇ ಪಂಕ್ತಿ ಅಲ್ಲ. ಯಾರಾದ್ರೂ ಮನೆಯವರು ಜೊತೆಗೆ ಹೋಗಿ ಕೂರಿಸ್ಬೇಕು. ನಿನ್ನ ತಮ್ಮನಿಗೆ ಈ ಕೆಲಸ ಒಪ್ಪಿಸು, ಅವನು ನಯವಾಗಿ ಮಾತಾಡ್ತಾನೆ.

ಹುಡುಗಿ: ಪಡಸಾಲೆ, ಮಣೆ, ಇಪ್ಪತ್ತು ಕುರ್ಚಿ, ಚಿಕ್ಕ ಸ್ಪೀಕರ್, ನಾಲ್ಕು ಕವರು. ಬರ್ಕೊಂಡೆ. ಮೃದಂಗದವರ ನಂಬರ್ ಕೊಡಿ, ಈಗ್ಲೇ ಫೋನ್ ಮಾಡ್ತೀನಿ.

ದೊಡ್ಡಮ್ಮ: ಈಗ ಬೇಡ, ಪಾಠ ಹೇಳ್ತಿರ್ತಾರೆ. ಎಂಟು ಗಂಟೆ ಮೇಲೆ ಮಾಡು. ಮೊದಲು ತಾರೀಖು ಹೇಳು. ನಿಮ್ಮ ಮದುವೆ ಹೊತ್ತಿಗೆ ರಾಮನವಮಿ ಕಚೇರಿಗಳು ಇನ್ನೂ ನಡೀತಿರಬಹುದು, ಬೆಂಗಳೂರಿನ ರಾಮಸೇವಾ ಮಂಡಳಿಯವರದ್ದು 1939ರಿಂದ ನಡ್ಕೊಂಡು ಬಂದಿದೆ, ಅವತ್ತು ಕೋಟೆ ಹೈಸ್ಕೂಲ್ ಮೈದಾನದಲ್ಲಿ ಮೃದಂಗದವರದ್ದೊಂದು ಕಚೇರಿ ಇದ್ರೂ ಇರಬಹುದು. ಇದ್ರೆ ಬಲವಂತ ಮಾಡ್ಬೇಡ, ಅವರ ತಮ್ಮನೂ ನುಡಿಸ್ತಾರೆ, ಅವರ ನಂಬರ್ ಕೇಳ್ಕೋ. ಶ್ರುತಿ ಎರಡೂವರೆ ಅಂತ ಮರೀದೆ ಹೇಳು, ಅದಕ್ಕೆ ಸರಿಯಾದ ಮೃದಂಗ ತರಬೇಕಲ್ಲ.